ಹಾಜರಾತಿಯ ಮಾತು ಇರಲಿ, 376 ಎಲ್ಲಿಂದ ಬಂತು?

ಪ್ರವೇಶಾತಿಯ ದಿನಗಳು ಬಂದವೆಂದರೆ ನಮ್ಮ ಶಿಕ್ಷಣ ವಿಭಾಗದ ಪಡಸಾಲೆಯಲ್ಲಿ ದಿನಾ ತರಗತಿಗೆ ಬರದೆ ಶಿಕ್ಷಕರ ತರಬೇತಿಯ ಪದವಿಯಾದ ಬಿ.ಇಡಿ. ಪಡೆಯಬಹುದೇ ಎಂಬ ಒಂದೇ ಪ್ರಶ್ನೆ ಹಲವು ದನಿಗಳಲ್ಲಿ ಕೇಳಿಬರುತ್ತದೆ. ಈ ಸಲ ಅದನ್ನು ಮೊದಲು ಕೇಳಿದವರು ಸಿಂಧನೂರಿನ ಕಡೆಯಿಂದ ಬಳ್ಳಾರಿಯವರೆಗೆ ಬಸ್ಸು ಹತ್ತಿ ಬಂದ ಒಬ್ಬ ತಂದೆ. ಮಗ ಬಿ.ಎಸ್ಸಿ. ಮುಗಿಸಿ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಿದ್ದಾನೆ. "ಹುಡುಗ ಹುಷಾರದಾನ್ರಿ ಸರ್, ಗಣಿತದಾಗ ಎಂಬತ್ತರ ಮ್ಯಾಲ ತಗೊಂಡಾನ. ಅಂಗಡಿ ಬಿಟ್ಟು ದಿನಾ ಬರಾಕ ಆಗಂಗಿಲ್ಲ. ಪರೀಕ್ಷಾಕ್ಕ ಬಂದು ಬರದ್ರ ನಡಿತೈತೇನ್ರಿ?" ಎಂದರು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿ ಕಲ್ಯಾಣ ಕರ್ನಾಟಕದ ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲು ಕೊಟ್ಟಿದೆ, ಇನ್ನು ಉಳಿದಿರುವುದು ಬಿ.ಇಡಿ. ಎಂಬ ಒಂದು ಕಾಗದ ಮಾತ್ರ ಎಂಬುದು ಅವರ ಲೆಕ್ಕ. ಅವರು ಮೋಸಗಾರರಲ್ಲ. ಕುಡಿಯಲು ನೀರು ಕೊಟ್ಟು ಕೂರಿಸಿದಾಗ, ಮಗ ಮಾಸ್ತರನಾಗಬೇಕೆಂಬ ಆಸೆಯನ್ನು ಹೇಳುತ್ತ ಕಣ್ಣು ಒರೆಸಿಕೊಂಡ ಮನುಷ್ಯ.

ನಿಯಮದ ಉತ್ತರ ಸುಲಭವಾದದ್ದು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಪ್ರಕಾರ ಬಿ.ಇಡಿ. ಎರಡು ವರ್ಷದ ಕೋರ್ಸು; ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳಿರಬೇಕು, ತರಗತಿಗಳಲ್ಲಿ ಶೇಕಡಾ 80ರಷ್ಟು ಮತ್ತು ಶಾಲೆಗೇ ಹೋಗಿ ಪಾಠ ಮಾಡಿ ಕಲಿಯುವ ಶಾಲಾ ಇಂಟರ್ನ್‌ಶಿಪ್‌ನಲ್ಲಿ ಶೇಕಡಾ 90ರಷ್ಟು ಹಾಜರಾತಿ ಇರಬೇಕು. ಇಂಥ ನಿಯಮಾವಳಿಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಪ್ರವೇಶ ಪಡೆಯುವ ವರ್ಷದ ಅಧಿಸೂಚನೆಯನ್ನು ನೋಡಿಯೇ ತೀರ್ಮಾನಿಸಬೇಕೆಂದು ಎಲ್ಲರಿಗೂ ಹೇಳುತ್ತೇನೆ. ಆದರೆ ನಿಯಮ ಹೇಳಿದ ಕೂಡಲೇ ಎದುರಿಗಿರುವವರ ಮುಖದಲ್ಲಿ "ನಿಯಮ ಇರತಾವ ಬಿಡ್ರಿ ಸರ್" ಎಂಬ ನಗು ಮೂಡುತ್ತದೆ. ಆ ನಗುವಿಗೆ ಕಾರಣ ಕೊಟ್ಟವರು ನಮ್ಮ ವೃತ್ತಿಯವರೇ ಎಂಬುದನ್ನು ನಾನು ಅಲ್ಲಗಳೆಯಲಾರೆ. ಆದ್ದರಿಂದ ನಿಯಮವನ್ನು ಬದಿಗಿಟ್ಟು, ನಾಲ್ಕು ಗೋಡೆಗಳ ನಡುವೆ ನಾವು ನಿಜವಾಗಿ ಮಾಡುವುದೇನು ಎಂಬುದನ್ನು ಒಂದು ಲೆಕ್ಕದ ಮೂಲಕ ಹೇಳುತ್ತೇನೆ.

ಬಳ್ಳಾರಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಆರನೆಯ ತರಗತಿ. ಪಾಠ ಮಾಡುತ್ತಿದ್ದ ನಮ್ಮ ಪ್ರಶಿಕ್ಷಣಾರ್ಥಿ, ಅಂದರೆ ಬಿ.ಇಡಿ. ಕಲಿಯುತ್ತಿದ್ದ ಹುಡುಗ, ಎಂ.ಎಸ್ಸಿ. ಗಣಿತ ಓದಿದವನು, ಕಲನಶಾಸ್ತ್ರದಲ್ಲಿ ನನಗಿಂತ ಮುಂದಿದ್ದವನು. ಕಪ್ಪುಹಲಗೆಯ ಮೇಲೆ 402 ಬರೆದು, ಕೆಳಗೆ 178 ಬರೆದು, ಕಳೆಯಲು ಹೇಳಿದ. ಎರಡನೆಯ ಸಾಲಿನ ಹುಡುಗಿಯೊಬ್ಬಳು ಅಂದವಾದ ಅಂಕಿಗಳಲ್ಲಿ 376 ಎಂದು ಬರೆದು ಕೈಯೆತ್ತಿದಳು. ಅವನು ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿ, ಹಲಗೆಯ ಮೇಲೆ ಸರಿಯಾದ ಕ್ರಮದಲ್ಲಿ ಲೆಕ್ಕ ಮಾಡಿ 224 ತಂದು ತೋರಿಸಿದ. "ದಶಕ ತಗೋಬೇಕು, ಗೊತ್ತಾಯ್ತಾ?" ಎಂದ. ಮಕ್ಕಳೆಲ್ಲ "ಹೂಂ ಸರ್" ಎಂದರು. ಮುಂದಿನ ಲೆಕ್ಕ 503ರಲ್ಲಿ 267. ಹುಡುಗಿ ಅಷ್ಟೇ ಅಂದವಾಗಿ 364 ಬರೆದಳು.

ಅವನು ನನ್ನತ್ತ ತಿರುಗಿ, ಈಕೆಗೆ ಲಕ್ಷ್ಯವಿಲ್ಲ ಎಂಬರ್ಥದಲ್ಲಿ ತಲೆಯಾಡಿಸಿದ. ನಾನು ಬೆಂಚಿನ ಪಕ್ಕ ಕುಳಿತು, ಹೇಗೆ ಮಾಡಿದೆ ಹೇಳವ್ವ ಎಂದೆ. ಬೆರಳಿಟ್ಟು ತೋರಿಸಿದಳು. ಏಳರಾಗ ಮೂರು ಹೋದ್ರ ನಾಕು, ಆರರಾಗ ಸೊನ್ನಿ ಹೋದ್ರ ಆರು, ಐದರಾಗ ಎರಡು ಹೋದ್ರ ಮೂರು. ಮೇಲಿನದರಲ್ಲಿ ಕೆಳಗಿನದನ್ನು ಕಳೆಯಬೇಕಲ್ಲವೇ ಎಂದು ಕೇಳಿದರೆ, "ದೊಡ್ಡದ್ರಾಗ ಸಣ್ಣದು ಕಳೀಬೇಕು ಅಂತ ಎರಡನೇ ಕ್ಲಾಸಿನಾಗ ಹೇಳ್ಯಾರ್ರಿ" ಎಂದಳು. ನಾಲ್ಕು ವರ್ಷ ಆ ಮಾತನ್ನು ಆಕೆ ಚಾಚೂ ತಪ್ಪದೆ ಪಾಲಿಸಿದ್ದಳು. ಲಕ್ಷ್ಯವಿಲ್ಲದ ಮಗು ಹೀಗೆ ಎರಡು ಲೆಕ್ಕದಲ್ಲಿ ಆರು ಸ್ಥಾನಗಳಲ್ಲೂ ಒಂದೇ ರೀತಿ ತಪ್ಪುವುದಿಲ್ಲ; ಲಕ್ಷ್ಯವಿಟ್ಟು ಕೇಳಿದ ಮಗು ಮಾತ್ರ ಹೀಗೆ ತಪ್ಪುತ್ತದೆ.

ನಾನು ಎಷ್ಟು ಸಲ ಹೇಳಿದರೂ ಜನರ ಮನಸ್ಸಿಗೆ ಇಳಿಯದಿರುವ ಸಂಗತಿ ಇದೊಂದೇ, ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ. 402ರಲ್ಲಿ 178 ಕಳೆದರೆ 224 ಎಂಬುದು ಗಣಿತದ ತಿಳಿವಳಿಕೆ, ಅದು ಗೊಬ್ಬರದಂಗಡಿಯ ಹುಡುಗನಿಗೂ ಇದೆ. 376 ಎಲ್ಲಿಂದ ಬಂತು ಎಂಬುದು ಬೇರೆಯೇ ತಿಳಿವಳಿಕೆ, ಅದು ಎಂ.ಎಸ್ಸಿ.ಯ ಯಾವ ಪುಸ್ತಕದಲ್ಲೂ ಇಲ್ಲ. ಅಮೆರಿಕದ ಶಿಕ್ಷಣ ಚಿಂತಕ ಲೀ ಶುಲ್ಮನ್ 1986ರಲ್ಲಿ ಇದಕ್ಕೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಬೋಧನಾಶಾಸ್ತ್ರೀಯ ವಿಷಯಜ್ಞಾನ ಎನ್ನಬಹುದು. ಒಂದು ವಿಷಯವನ್ನು ಕಲಿಯುವುದು ಯಾವುದರಿಂದ ಸುಲಭವಾಗುತ್ತದೆ, ಯಾವುದರಿಂದ ಕಷ್ಟವಾಗುತ್ತದೆ, ಮಕ್ಕಳು ಮೊದಲೇ ಯಾವ ಕಲ್ಪನೆಗಳನ್ನು ಹೊತ್ತು ಬಂದಿರುತ್ತಾರೆ ಎಂಬುದೂ ಶಿಕ್ಷಕನ ವಿಷಯಜ್ಞಾನದ ಭಾಗವೇ ಎಂಬುದು ಅವರ ವಾದ. ಶಿಕ್ಷಣ ವಿಭಾಗವೊಂದು ಎಂ.ಇಡಿ. ನಡೆಸುತ್ತದೆ, ಪಿಎಚ್.ಡಿ.ಗೆ ಮಾರ್ಗದರ್ಶನ ಮಾಡುತ್ತದೆ, ಸೇವೆಯಲ್ಲಿರುವ ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಆದರೆ ತಪ್ಪು ಉತ್ತರದ ಹಿಂದಿನ ದಾರಿಯನ್ನು ಹುಡುಕುವ ಈ ಅಭ್ಯಾಸವನ್ನು ಹತ್ತಿಸದೇ ಹೋದರೆ ಉಳಿದದ್ದೆಲ್ಲ ಕಡತದ ಕೆಲಸವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮತ್ತು ಆ ಅಭ್ಯಾಸ ಮನೆಯಲ್ಲಿ ಕುಳಿತು ಹತ್ತುವುದಿಲ್ಲ, ಏಕೆಂದರೆ ತಪ್ಪು ಮಾಡುವ ಮಕ್ಕಳು ಇರುವುದು ಶಾಲೆಯಲ್ಲಿ. ನಿಯಮಾವಳಿ 20 ವಾರಗಳ ಶಾಲಾ ಇಂಟರ್ನ್‌ಶಿಪ್ ಕೇಳುತ್ತದೆ, ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ಎರಡನೆಯ ವರ್ಷದ ಆ ಹದಿನಾರು ವಾರ ಯಾಕಿಷ್ಟು ಉದ್ದ ಎಂದು ಕೇಳುವವರಿಗೆ ನನ್ನ ಅನುಭವ ಹೇಳುತ್ತೇನೆ. ಮೊದಲ ಮೂರು ವಾರ ಪ್ರಶಿಕ್ಷಣಾರ್ಥಿ ತನ್ನ ಧ್ವನಿಯನ್ನು ಮಾತ್ರ ಕೇಳಿಸಿಕೊಳ್ಳುತ್ತಾನೆ. ನಾಲ್ಕನೆಯ ವಾರದ ಹೊತ್ತಿಗೆ ಗದ್ದಲ ಮಾಡುವ ಮಕ್ಕಳು ಅವನ ಕಣ್ಣಿಗೆ ಬೀಳುತ್ತಾರೆ. ಗದ್ದಲ ಮಾಡದೆ ತಪ್ಪು ಬರೆಯುವ ಮಕ್ಕಳು ಕಾಣುವುದಕ್ಕೆ ಇನ್ನೂ ಬಹಳ ದಿನ ಬೇಕು. ಕೆಲವರಿಗೆ ಎಂಟು ವಾರ ಸಾಕಾಗುತ್ತದೆ, ಕೆಲವರಿಗೆ ಹದಿನಾರೂ ಸಾಲದು. ಎಲ್ಲರಿಗೂ ಅನ್ವಯಿಸುವ ಅಳತೆಯೆಂದು ನಾನಿದನ್ನು ಹೇಳುತ್ತಿಲ್ಲ.

ನಮ್ಮ ಭಾಗದ ಶಾಲೆಗಳಲ್ಲಿ ಕಣ್ಣು ತೆರೆದು ನೋಡಬೇಕಾದದ್ದು ಇನ್ನೂ ಹೆಚ್ಚು. ಸಿರುಗುಪ್ಪ ತಾಲ್ಲೂಕಿನ ಗಡಿಯ ಹಳ್ಳಿಯೊಂದರಲ್ಲಿ ಭಿನ್ನರಾಶಿಯ ಪಾಠ ನಡೆದಿತ್ತು. ರೊಟ್ಟಿಯ ಚಿತ್ರ ಬರೆದು, ನಡುವೆ ಗೆರೆ ಎಳೆದು, ಒಬ್ಬನಿಗೆ ಎಷ್ಟು ಪಾಲು ಎಂದು ನಮ್ಮ ಪ್ರಶಿಕ್ಷಣಾರ್ಥಿ ಹುಡುಗಿ ಕೇಳಿದಳು. ಒಬ್ಬ ಪುಟ್ಟ "ಅರ್ಧ ಲೀಟರ್ರಿ" ಎಂದ. ತರಗತಿ ಗೊಳ್ಳೆಂದಿತು, ಆಕೆ ಅದನ್ನು ಉಡಾಫೆಯೆಂದು ತಿಳಿದು ಅವನನ್ನು ನಿಲ್ಲಿಸಿದಳು. ಅವನದು ತೆಲುಗು ಮನೆ. ತೆಲುಗಿನಲ್ಲಿ ಪಾಲು ಎಂದರೆ ಹಂಚಿಕೆಯೂ ಹೌದು, ಹಾಲೂ ಹೌದು. ಆ ವಯಸ್ಸಿನ ಮಗುವಿಗೆ ಮೊದಲು ನೆನಪಾಗುವುದು ಯಾವುದೆಂದು ಹೇಳಬೇಕಾಗಿಲ್ಲ. ಬೆಳಿಗ್ಗೆ ಶಾಲೆಯಲ್ಲೇ ಹಾಲು ಕುಡಿದು ಕುಳಿತವನು ಬೇರೇನು ಹೇಳಿಯಾನು? ಹಾಗೆಯೇ ಹಾಜರಿ ಪುಸ್ತಕದಲ್ಲಿ ಎರಡು ತಿಂಗಳು ಸಾಲಾಗಿ ಗೈರು ಬಿದ್ದಿರುವ ಮಗುವನ್ನು ದಡ್ಡನೆಂದು ಬರೆದುಕೊಂಡು ಬರುವವರಿದ್ದಾರೆ. ಮನೆಮಂದಿಯೊಂದಿಗೆ ಗುಳೆ ಹೋಗಿ ಬಂದ ಆ ಮಗುವಿಗೆ ಭಾಗಾಕಾರದ ಅಧ್ಯಾಯವೇ ತಪ್ಪಿಹೋಗಿರುತ್ತದೆ.

ದೊಡ್ಡ ಪದವಿಯೊಳಗೆ ಚಿಕ್ಕ ಪದವಿ ಅಡಗಿರುತ್ತದೆ ಎಂಬ ಇನ್ನೊಂದು ಭ್ರಮೆಯೂ ಇದೇ ಬೇರಿನದು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಒಂದರಿಂದ ಐದನೆಯ ತರಗತಿಯ ಶಿಕ್ಷಕ ಹುದ್ದೆಗೆ ಬಿ.ಇಡಿ. ಅರ್ಹತೆಯಾಗದು, ಅದಕ್ಕೆ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ ಆದ ಡಿ.ಎಲ್.ಇಡಿ. ಬೇಕು ಎಂಬ ನಿಲುವನ್ನು ಎತ್ತಿಹಿಡಿಯಿತು. ಪದವೀಧರರಿಗೆ ಚಿಕ್ಕ ಮಕ್ಕಳಿಗೆ ಕಲಿಸಲು ಬಾರದೇ ಎಂದು ಸಿಟ್ಟಾಗಿ ಕೇಳಿದವರು ನನ್ನ ಬಳಿಯೂ ಬಂದಿದ್ದರು. ಕಳೆಯುವುದು ಗೊತ್ತಿರುವುದಕ್ಕೂ, ಏಳು ವರ್ಷದ ಮಗುವಿಗೆ ಕಳೆಯುವುದನ್ನು ಮೊದಲ ಸಲ ಹೇಳುವಾಗ "ದೊಡ್ಡದರಲ್ಲಿ ಚಿಕ್ಕದು" ಎಂಬ ಮಾತು ಮುಂದೆ ಏನು ಮಾಡೀತು ಎಂದು ಗೊತ್ತಿರುವುದಕ್ಕೂ ಇರುವ ಅಂತರವನ್ನು ಅವರಿಗೆ ತೋರಿಸಲು ನನ್ನ ಬಳಿ ಆ ಹುಡುಗಿಯ ಲೆಕ್ಕಕ್ಕಿಂತ ಒಳ್ಳೆಯ ಉದಾಹರಣೆ ಇರಲಿಲ್ಲ.

ತಪ್ಪು ಅಭ್ಯರ್ಥಿಗಳದ್ದಷ್ಟೇ ಅಲ್ಲ. ಖಾಲಿ ಹುದ್ದೆಗಳ ನಡುವೆ ಶಾಲೆ ನಡೆಸುವ ಮುಖ್ಯೋಪಾಧ್ಯಾಯರು ನಮ್ಮ ಪ್ರಶಿಕ್ಷಣಾರ್ಥಿಗಳನ್ನು ಕಂಡ ಕೂಡಲೇ ಎರಡು ತರಗತಿಗಳನ್ನು ಒಟ್ಟಿಗೆ ಒಪ್ಪಿಸಿ ಸಭೆಗೆ ಹೊರಟುಬಿಡುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ಕಲಿಯಲು ಬಂದವನನ್ನು ಕಾವಲಿಗೆ ನಿಲ್ಲಿಸಿದಂತಾಗುತ್ತದೆ. ಮೇಲ್ವಿಚಾರಕರಾದ ನಾವೂ ಕಡಿಮೆಯಿಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಕೊನೆಯ ಬೆಂಚಿನಲ್ಲಿ ಕುಳಿತು ಪೀಠಿಕೆ, ಪ್ರಶ್ನಿಸುವಿಕೆ, ಪುನರ್ಬಲನ, ಕಪ್ಪುಹಲಗೆಯ ಬಳಕೆ ಎಂದು ಅಂಕಣಗಳಿಗೆ ಅಂಕ ತುಂಬಿ ಎದ್ದು ಬಂದವನು. ಒಂದು ಮಗುವಿನ ನೋಟುಪುಸ್ತಕವನ್ನೂ ತೆರೆದು ನೋಡುತ್ತಿರಲಿಲ್ಲ. ಹಾಗೆ ಎಷ್ಟು 376ಗಳನ್ನು ದಾಟಿ ಬಂದೆನೋ.

ಪಾಠಯೋಜನೆಯ ಪುಸ್ತಕಗಳಲ್ಲಿ ಈ ಕುರುಡು ಚೆನ್ನಾಗಿ ಕಾಣುತ್ತದೆ. ಹಿಂದಿನ ವರ್ಷದವರ ಪುಸ್ತಕ ತಂದು ನಕಲು ಮಾಡುವುದು ನಮ್ಮಲ್ಲಿ ಗುಟ್ಟೇನಲ್ಲ. ಒಬ್ಬರಂತೂ ಹಳೆಯ ದಿನಾಂಕವನ್ನೂ ಬಿಡದೆ ಬರೆದುಕೊಂಡು ಬಂದಿದ್ದರು, ಅದು ಭಾನುವಾರವಾಗಿತ್ತು. ಆದರೆ ನನಗೆ ಹೆಚ್ಚು ಬೇಸರ ತರುವುದು ಸ್ವಂತವಾಗಿ ಬರೆದವರ ಪುಸ್ತಕವೇ. ಶಿಕ್ಷಕರ ಪ್ರಶ್ನೆಗೆ ಎದುರಾಗಿ ವಿದ್ಯಾರ್ಥಿಗಳ ನಿರೀಕ್ಷಿತ ಉತ್ತರ ಎಂಬ ಒಂದು ಅಂಕಣವಿರುತ್ತದೆ. ಅದರಲ್ಲಿ ಸಾಲು ಸಾಲಾಗಿ ಸರಿಯುತ್ತರಗಳೇ ಇರುತ್ತವೆ. ಎಲ್ಲ ಮಕ್ಕಳೂ ಎಲ್ಲವನ್ನೂ ಸರಿಯಾಗಿ ಹೇಳುವ ತರಗತಿಯಲ್ಲಿ ಶಿಕ್ಷಕನಿಗೇನು ಕೆಲಸ?

ಗಣಿತದ ಹುಡುಗನ ಪುಸ್ತಕವೂ ಅಂಥದ್ದೇ ಆಗಿತ್ತು. ಆ ದಿನ ಮಧ್ಯಾಹ್ನದ ಬಿಸಿಯೂಟವಾದ ಮೇಲೆ ಅವನು ಮತ್ತೆ ಆ ಹುಡುಗಿಯ ಪಕ್ಕ ಕುಳಿತ. ಹಾಳೆಯ ಚೂರುಗಳ ಮೇಲೆ ನೂರರ ನಾಲ್ಕು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಬರೆದು ಕೈಗಿಟ್ಟು, ಸಂತೆಯಲ್ಲಿ 178 ರೂಪಾಯಿ ಕೊಡಬೇಕು, ಕೊಡು ಎಂದ. ಆಕೆ ಎರಡು ನಾಣ್ಯ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಚಿಲ್ಲರ ಮಾಡಸ್ಬೇಕ್ರಿ ಸರ್" ಎಂದಳು. ನೂರರ ಒಂದು ನೋಟು ಹತ್ತರ ಹತ್ತಾಯಿತು, ಅದರಲ್ಲಿ ಒಂದು ಹತ್ತು ಮತ್ತೆ ಒಂದೊಂದರ ಹತ್ತಾಯಿತು. ಕೈಯಲ್ಲಿ ಮೂರು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ. ಸೊನ್ನೆಯಿದ್ದ ಜಾಗಕ್ಕೆ ಒಂಬತ್ತು ಹೇಗೆ ಬರುತ್ತದೆಂದು ನಮ್ಮ ಎಂ.ಎಸ್ಸಿ. ಹುಡುಗ ಮೊದಲ ಸಲ ನೋಡುತ್ತಿರುವಂತೆ ನೋಡುತ್ತಿದ್ದ.

ಮರುವಾರ ಅವನ ಪಾಠಯೋಜನೆ ಸಹಿಗೆ ಬಂತು. ನಿರೀಕ್ಷಿತ ಉತ್ತರದ ಅಂಕಣದಲ್ಲಿ 605ರಲ್ಲಿ 238 ಕಳೆದರೆ 367 ಎಂದು ಬರೆದಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ, ಬರಬಹುದಾದ ಇನ್ನೊಂದು ಉತ್ತರ 433, ಹಾಗಾದರೆ ಚಿಲ್ಲರೆಯಿಂದ ಶುರುಮಾಡುವುದು ಎಂದು ಸೇರಿಸಿದ್ದ.