ಸಂಜೆ ಏಳು ಗಂಟೆಯ ಹಟ

ಹಟ ಕಡಿಮೆ ಮಾಡುವ ಟಾನಿಕ್ ಅಂತ ಒಂದಿಲ್ಲ. ಆದರೂ ವಿಜಯಪುರದ ನನ್ನ ಕ್ಲಿನಿಕ್ಕಿಗೆ ಎರಡು-ಮೂರು ವರ್ಷದ ಮಕ್ಕಳನ್ನು ಕರೆತರುವ ತಾಯಂದಿರು ಜ್ವರ, ಕೆಮ್ಮು ಎಲ್ಲ ಹೇಳಿ ಮುಗಿಸಿ, ಏಳುವ ಹೊತ್ತಿಗೆ ಮೆಲ್ಲಗೆ ಕೇಳುತ್ತಾರೆ: "ಮೇಡಂ ರೀ, ಇವಂದು ಹಟ ಭಾಳ ಆಗ್ಯದ. ಏನರ ಬರದ ಕೊಡ್ರಿ." ಸ್ವಲ್ಪ ಮಾತಾಡಿಸಿದರೆ ಇನ್ನೊಂದು ಮಾತೂ ಹೊರಗೆ ಬರುತ್ತದೆ. "ನಿನ್ನೆ ಹೊಡದೆ ರೀ. ಆಮ್ಯಾಲ ನಾನೂ ಅತ್ತೆ."

ಅವರಿಗೆ ನಾನು ಮೊದಲು ಕೇಳುವುದು, ಇದು ಎಷ್ಟು ಗಂಟೆಗೆ ಆಗುತ್ತದೆ ಅಂತ.

ಹೆಚ್ಚಿನವರ ಉತ್ತರ ಸಂಜೆ ಆರರಿಂದ ಎಂಟರ ಒಳಗೇ ಇರುತ್ತದೆ. ಆ ಹೊತ್ತಿನಲ್ಲಿ ಮನೆ ಹೇಗಿರುತ್ತದೆ ನೋಡಿ. ತಾಯಿ ಒಲೆ ಮುಂದೆ ರೊಟ್ಟಿ ಬಡಿಯುತ್ತಿರುತ್ತಾಳೆ. ಹಂಚು ಕಾದಿದೆ, ಕೈ ತುಂಬ ಹಿಟ್ಟು. ಕೂಸು ಮಧ್ಯಾಹ್ನ ಸರಿಯಾಗಿ ಮಲಗಿಲ್ಲ. ಬೇಸಿಗೆಯಾದರೆ ಸೆಕೆಗೆ, ಕರೆಂಟ್ ಹೋದದ್ದಕ್ಕೆ ಅರ್ಧ ನಿದ್ದೆಯಲ್ಲೇ ಎದ್ದಿರುತ್ತದೆ. ನಾಲ್ಕು ಗಂಟೆಗೆ ಚಹಾದಲ್ಲಿ ಎರಡು ಬಿಸ್ಕೀಟು ಅದ್ದಿ ತಿಂದದ್ದು ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ. ಊಟ ಮಾತ್ರ ಅಪ್ಪ ಬಂದ ಮೇಲೆ, ಒಂಬತ್ತಕ್ಕೆ. ಸೆರಗು ಹಿಡಿದು ಎಳೆಯುತ್ತದೆ, ಎತ್ತಿಕೋ ಅನ್ನುತ್ತದೆ. ಇಬ್ಬರೂ ಸುಸ್ತಾಗಿದ್ದಾರೆ. ಇಬ್ಬರಿಗೂ ಹಸಿವಾಗಿದೆ.

ಅದಕ್ಕೇ ನಾನು ಹೇಳುವುದು, ತಾಳ್ಮೆ ಅನ್ನುವುದು ಬಹಳಷ್ಟು ಸಲ ಹಟ ಶುರುವಾಗುವ ಮೊದಲೇ ತೀರ್ಮಾನ ಆಗಿರುತ್ತದೆ. ಮಗುವಿಗೆ ಆರೂವರೆಗೇ ಹಾಲು-ರೊಟ್ಟಿಯೋ ಬೇಳೆ-ಅನ್ನವೋ ಉಣ್ಣಿಸಿಬಿಡಿ. ಅಪ್ಪನ ಜೊತೆ ಆಮೇಲೆ ಎರಡು ತುತ್ತು ತಿನ್ನಲಿ. ರೊಟ್ಟಿಗೆ ಕೂರುವ ಮೊದಲು ಹತ್ತು ನಿಮಿಷ ಫೋನ್ ಬದಿಗಿಟ್ಟು ಸುಮ್ನೆ ಅದರ ಜೊತೆ ಕೂರಿ. ಆಮೇಲೆ ಒಲೆಯಿಂದ ದೂರ, ಒಂದು ತಾಟು, ಒಂದು ಹಿಟ್ಟಿನ ಉಂಡೆ ಕೊಟ್ಟು ಕೂರಿಸಿ. ಅದೂ ತನ್ನ ರೊಟ್ಟಿ ಬಡಿಯುತ್ತದೆ. ನೀವೂ ಆರಕ್ಕೆ ಏನಾದರೂ ತಿನ್ನಿ. ಎಲ್ಲರದ್ದೂ ಮುಗಿದ ಮೇಲೆ ತಾನು ಉಣ್ಣುವ ತಾಯಿಗೆ ಆ ಹೊತ್ತಿಗೆ ತಾಳ್ಮೆ ಎಲ್ಲಿಂದ ಬರಬೇಕು?

ನಿದ್ದೆಯ ಲೆಕ್ಕವೂ ಇದೆ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದ್ದಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನದೂ ಸೇರಿ. ರಾತ್ರಿ ಹನ್ನೊಂದರವರೆಗೆ ಟಿವಿ ಮುಂದೆ ಇದ್ದ ಮಗು ಮರುದಿನ ಹಟ ಮಾಡದಿದ್ದರೆ ಆಶ್ಚರ್ಯ.

ಇಷ್ಟು ಮಾಡಿದರೂ ಹಟ ಬರುತ್ತದೆ. ಬರಲೇಬೇಕು. ಸಿಟ್ಟು, ಆಸೆ ತಡೆದು ಹಿಡಿಯುವ ಕೆಲಸ ಮೆದುಳಿನ ಮುಂಭಾಗದ್ದು. ಆ ಭಾಗ ಪೂರ್ತಿ ಬೆಳೆಯಲು ಸುಮಾರು 25 ವರ್ಷ ಬೇಕು. ಎರಡು ವರ್ಷದ ಮಗು ಈಗಷ್ಟೇ ಎರಡೆರಡು ಪದ ಜೋಡಿಸುತ್ತಿರುತ್ತದೆ. ಮನಸ್ಸಿನಲ್ಲಿ ಇರುವುದು ಜಾಸ್ತಿ, ಹೇಳಲು ಬರುವುದು ಕಡಿಮೆ. ನೆಲಕ್ಕೆ ಬಿದ್ದು ಹೊರಳುವುದು ನಿಮ್ಮನ್ನು ಸೋಲಿಸಲು ಹೂಡಿದ ಆಟ ಅಂತ ದಯವಿಟ್ಟು ತಿಳಿಯಬೇಡಿ.

ಆ ಗಳಿಗೆಯಲ್ಲಿ ಮೊದಲು ಸಂಭಾಳಿಸಬೇಕಾದ್ದು ನಿಮ್ಮ ಮೈಯನ್ನು. ಉಸಿರು ಒಳಗೆ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ, ನಾಲ್ಕೈದು ಸಲ. ಎದೆಬಡಿತ ನಿಧಾನ ಆಗುತ್ತದೆ. ಕೆಳಗೆ ಕೂತು, ದನಿ ಇಳಿಸಿ, ಚಿಕ್ಕ ಮಾತು ಆಡಿ: "ಸಿಟ್ಟು ಬಂದದ ಅಲ್ಲ? ಬರಲಿ. ಹೊಡಿಯೂದು ಮಾತ್ರ ಬ್ಯಾಡ." ಹೊಡೆಯಲು ಬಂದ ಕೈಯನ್ನು ಮೆತ್ತಗೆ ಹಿಡಿಯಿರಿ. ಅಳು ಇಳಿಯುವವರೆಗೆ ಬುದ್ಧಿಮಾತು ಬೇಡ, ಅದು ಕಿವಿಗೆ ಬೀಳುವುದಿಲ್ಲ. ಕೈ ಎತ್ತಿಬಿಡುತ್ತೇನೆ ಅನ್ನಿಸಿದರೆ ಮಗುವನ್ನು ಪೆಟ್ಟಾಗದ ಜಾಗದಲ್ಲಿ ಕೂರಿಸಿ, ಇಲ್ಲವೇ ಮನೆಯವರಿಗೆ ಕೊಟ್ಟು, ಎರಡು ನಿಮಿಷ ಪಡಸಾಲೆಗೆ ಬನ್ನಿ. ಒಂದು ಮಾತು ಒತ್ತಿ ಹೇಳುತ್ತೇನೆ: ಸಿಟ್ಟಿನಲ್ಲಿ ಎಳೆಗೂಸಿನ ಭುಜ ಹಿಡಿದು ಜೋರಾಗಿ ಅಲುಗಾಡಿಸಲೇಬೇಡಿ. ಮೆದುಳಿನಲ್ಲಿ ರಕ್ತಸ್ರಾವ ಆಗಿ ಜೀವಕ್ಕೇ ಕುತ್ತು ಬರಬಹುದು.

ಜನರ ಎದುರು ಇದೆಲ್ಲ ಇನ್ನೂ ಕಷ್ಟ. ಸಂಕ್ರಾಂತಿ ಹೊತ್ತಿನ ಸಿದ್ಧೇಶ್ವರ ಜಾತ್ರೆಯಲ್ಲಿ ಆಟಿಕೆ ಅಂಗಡಿ ಮುಂದೆ ಮಗು ಮಣ್ಣಲ್ಲಿ ಹೊರಳಾಡುತ್ತಿದ್ದರೆ ನಾಲ್ಕು ಜನ ನಿಂತು ನೋಡುತ್ತಾರೆ. ಅಪ್ಪನ ಕೈ ಮೇಲೇಳುವುದು ಹೆಚ್ಚಾಗಿ ಆ ನಾಚಿಕೆಗೆ. ಎತ್ತಿಕೊಂಡು ಗದ್ದಲದಿಂದ ಆಚೆ ಹೋಗಿ, ಅಷ್ಟೇ. ನೋಡುವವರು ಐದು ನಿಮಿಷದಲ್ಲಿ ಮರೆಯುತ್ತಾರೆ. ಮನೆ ಬಿಡುವ ಮೊದಲೇ "ಒಂದೇ ಆಟಿಕೆ" ಅಂತ ಹೇಳಿರಿ, ಹೇಳಿದ ಒಂದನ್ನು ಖಂಡಿತ ಕೊಡಿಸಿ.

ಮನೆಯಲ್ಲಿ ಅಜ್ಜಿ-ಅಜ್ಜ, ಅಂದರೆ ನಮ್ಮ ಕಡೆಯ ಆಯಿ, ಮುತ್ಯಾ ಇದ್ದರೆ ತಾಯಿಯ ಭಾರ ಎಷ್ಟೋ ಹಗುರ. ಆದರೆ ತಾಯಿ ಬೇಡ ಅಂದ ಮೊಬೈಲನ್ನು ಕಾಲು ಗಂಟೆ ಅತ್ತ ಮೇಲೆ ಆಯಿ ಕೊಟ್ಟರೆ, ಕಾಲು ಗಂಟೆ ಅಳಬೇಕು ಅಂತ ಮಗು ಕಲಿಯುತ್ತದೆ. ಕೊಡುವುದನ್ನು ನಿಲ್ಲಿಸಿದಾಗ ಮೊದಲ ಕೆಲವು ದಿನ ಅಳು ಇನ್ನೂ ಜೋರಾಗುತ್ತದೆ. ಹೆಚ್ಚಿನವರು ಸೋಲುವುದು ಅಲ್ಲೇ. ಇದನ್ನು ಅತ್ತೆಯ ಜೊತೆ ಮಗು ಮಲಗಿದಾಗ ಮಾತಾಡಿ, ಅದರ ಎದುರು ಬೇಡ. ಎರಡು ವರ್ಷದ ಒಳಗೆ ಪರದೆಯೇ ಬೇಡ, ಆಮೇಲೂ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಕೆಲವು ಹಟಕ್ಕೆ ಕಾರಣ ಮೈಯಲ್ಲೇ ಇರುತ್ತದೆ. ಹಾಲು, ಚಹಾ, ಬಿಸ್ಕೀಟಿನ ಮೇಲೇ ಬೆಳೆಯುವ ಮಕ್ಕಳಲ್ಲಿ ಕಬ್ಬಿಣದ ಅಂಶ ಕಡಿಮೆ ಆಗುತ್ತದೆ. ಊಟದಲ್ಲಿ ಇರುವ ಕಬ್ಬಿಣ ಮೈಗೆ ಹತ್ತದಂತೆ ಚಹಾ ಬೇರೆ ತಡೆಯುತ್ತದೆ. ಇಂಥ ಮಕ್ಕಳು ಸದಾ ಕಿರಿಕಿರಿ ಮಾಡುತ್ತವೆ. ಕೆಲವು ಅತ್ತು ಅತ್ತು ಉಸಿರು ಕಟ್ಟಿ ನೀಲಿಯಾಗುತ್ತವೆ. ರಕ್ತ ಪರೀಕ್ಷೆ ಮಾಡಿ ಕಬ್ಬಿಣದ ಔಷಧ ಕೊಟ್ಟರೆ ಎಷ್ಟೋ ಮಕ್ಕಳಲ್ಲಿ ಅದು ಕಡಿಮೆ ಆಗುತ್ತದೆ. ಜಂತುಹುಳು, ಮಲಬದ್ಧತೆ, ಕಿವಿನೋವು ಕೂಡ ಹಟದ ರೂಪದಲ್ಲೇ ಬರುತ್ತವೆ. ಹೆಸರು ಕೂಗಿದರೂ ತಿರುಗದ, ಎರಡು ವರ್ಷವಾದರೂ ಮಾತು ಬಾರದ ಮಗುವನ್ನು "ಮಾತ ಕೇಳೂದಿಲ್ಲ" ಅಂತ ಬೈಯುವ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ತಾಯಿಯನ್ನೂ ನೋಡಬೇಕು. ಎರಡನೇ ಹೆರಿಗೆಯಾಗಿ ಕೆಲವು ತಿಂಗಳಾಗಿದೆ, ಕೂಸು ಮಲಗಿದರೂ ಇವಳಿಗೆ ನಿದ್ದೆ ಇಲ್ಲ, ದಿನವಿಡೀ ಸಿಟ್ಟು, ಕಾರಣ ಇಲ್ಲದೆ ಅಳು. ಇದಕ್ಕೆ ತಾಳ್ಮೆ ಕಡಿಮೆ ಅಂತ ಹೆಸರಿಡಬೇಡಿ. ಬಾಣಂತಿಯ ಖಿನ್ನತೆ ಹೀಗೂ ಇರುತ್ತದೆ, ಚಿಕಿತ್ಸೆಯಿಂದ ಗುಣವಾಗುತ್ತದೆ. ಗಂಡನೋ ಅತ್ತೆಯೋ ಜೊತೆಗೆ ಬಂದು ಡಾಕ್ಟರಿಗೆ ತೋರಿಸಲಿ. ತಕ್ಷಣ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹಗಲು-ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.