ಅಜ್ಜಿ ಹೊಲಿದ ಕೌದಿಯ ಲೇಬಲ್‌ನಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜಿ ಕೈಯಾರೆ ಹೊಲಿದ ಕೌದಿಗಳಿವೆ. ಮುಂದಿನವರಿಗೆ ಗೊತ್ತಾಗಲಿ ಅಂತ ಅವಕ್ಕೊಂದು ಲೇಬಲ್ ಹಚ್ಚಬೇಕು ಅಂದುಕೊಂಡಿದ್ದೇನೆ. ಏನೇನು ಬರೆಯಲಿ? ಯಾವುದರಿಂದ ಬರೆದರೆ ಒಗೆದಾಗ ಹೋಗುವುದಿಲ್ಲ?

ಉತ್ತರ: ಸೂಜಿ ದಾರ ಆಮೇಲೆ. ಮೊದಲು ಆ ಕೌದಿಯನ್ನು ಅಜ್ಜಿಯ ಮುಂದೆ ಹಾಸಿ. ಅಜ್ಜಿ ಈಗ ಇಲ್ಲವೆಂದರೆ ಅಮ್ಮ, ದೊಡ್ಡಮ್ಮ, ಸೋದರತ್ತೆ, ಯಾರಾದರೂ ಸರಿ. ಆ ಬಟ್ಟೆಗಳನ್ನು ಮನೆಮಂದಿ ಉಟ್ಟಿದ್ದಾಗ ಕಂಡವರಾಗಿರಬೇಕು, ಅಷ್ಟೆ. ಒಂದೊಂದೇ ತುಂಡಿನ ಮೇಲೆ ಕೈಯಿಟ್ಟು "ಇದು ಯಾರದು?" ಅಂತ ಕೇಳಿ.

ಕೌದಿಯಲ್ಲಿ ಹೆಚ್ಚಾಗಿ ಇರುವುದು ಮನೆಯವರು ಉಟ್ಟು ಬಿಟ್ಟ ಬಟ್ಟೆಯೇ. ಸವೆದ ಇಳಕಲ್ ಸೀರೆ, ಅಜ್ಜನ ಧೋತರ, ಗುಳೇದಗುಡ್ಡದ ಖಣ, ಮಕ್ಕಳ ಲಂಗ, ಅಂಗಿ ಎಲ್ಲವೂ ಪದರ ಪದರವಾಗಿ ಸೇರಿರುತ್ತವೆ. ಯಾರು ಹೊಲಿದರು ಅನ್ನುವುದು ಹೇಗೋ ಮೊಮ್ಮಕ್ಕಳವರೆಗೂ ನೆನಪಿರುತ್ತದೆ. ಆದರೆ ಯಾವ ತುಂಡು ಯಾರದು ಅನ್ನುವುದು ಬಲ್ಲವರ ಜೊತೆಗೇ ಹೋಗಿಬಿಡುತ್ತದೆ. ಲೇಬಲ್‌ನಲ್ಲಿ ಒಂದೇ ಸಾಲಿಗೆ ಜಾಗವಿದೆ ಅಂತಾದರೆ, ಆ ಸಾಲನ್ನು ನಾನು ಬಟ್ಟೆಯ ಗುರುತಿಗೇ ಕೊಡುತ್ತೇನೆ.

ಕೇಳಿ ಬರೆದಿಟ್ಟರೆ ಎಷ್ಟು ಉಳಿಯುತ್ತದೆ ಅನ್ನುವುದಕ್ಕೆ ಅಮೆರಿಕದ ಹ್ಯಾರಿಯೆಟ್ ಪವರ್ಸ್ ಅವರ ಕೌದಿಯನ್ನೇ ನೋಡಿ. ಗುಲಾಮಗಿರಿಯಲ್ಲಿ ಹುಟ್ಟಿದ ಈ ಕಪ್ಪು ಮಹಿಳೆ ಬೈಬಲ್ ಕಥೆಗಳನ್ನು ಬಟ್ಟೆಯ ತುಂಡುಗಳಲ್ಲೇ ಚಿತ್ರವಾಗಿ ಹೊಲಿದರು. 1886ರಲ್ಲಿ ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನ ಹತ್ತಿ ಮೇಳದಲ್ಲಿ ಅದನ್ನು ಕಂಡ ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿ ಕೊಳ್ಳಲು ಕೇಳಿದರು. ಪವರ್ಸ್ ಕೊಡಲಿಲ್ಲ. ಕೆಲವು ವರ್ಷಗಳ ನಂತರ, ಕೈಯಲ್ಲಿ ಕಾಸಿಲ್ಲದೆ, 5 ಡಾಲರಿಗೆ ಮಾರಿದರು. ಆಗ ಸ್ಮಿತ್ ಒಂದು ದೊಡ್ಡ ಕೆಲಸ ಮಾಡಿದರು. ಪ್ರತಿಯೊಂದು ಚಿತ್ರದ ಅರ್ಥವನ್ನು ಪವರ್ಸ್ ಅವರಿಂದಲೇ ಕೇಳಿ ಬರೆದುಕೊಂಡರು. ಆ ಕೌದಿ ಈಗ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಯಾವ ಚಿತ್ರ ಏನು ಹೇಳುತ್ತದೆ ಅಂತ ಹೊಲಿದವರ ಮಾತಿನಿಂದಲೇ ಇವತ್ತು ನಮಗೆ ಗೊತ್ತಾಗುತ್ತದೆ. ಆ ಬರಹ ಇರದಿದ್ದರೆ ನೋಡಿದವರೆಲ್ಲ ಊಹೆ ಮಾಡುತ್ತಾ ಕೂರಬೇಕಿತ್ತು, ಅಲ್ವಾ?

ಇನ್ನು ಹೆಸರಿನ ವಿಷಯ. ದಯವಿಟ್ಟು "ಇಂಥವರ ಹೆಂಡತಿ", "ಇಂಥವರ ತಾಯಿ" ಅಂತ ಬರೆದು ಮುಗಿಸಬೇಡಿ. ಅಜ್ಜಿಯ ಸ್ವಂತ ಹೆಸರು ಬರೆಯಿರಿ. ನಮ್ಮ ಕಡೆ ಮದುವೆಯಲ್ಲಿ ಹೆಸರು ಬದಲಾದ ಅಜ್ಜಿಯರು ಬಹಳ ಮಂದಿ. ತವರಿನ ಹೆಸರು ಬೇರೆ ಇದ್ದರೆ ಅದನ್ನೂ ಸೇರಿಸಿ, ತವರೂರನ್ನೂ ಸೇರಿಸಿ. ಕೂಲಿಗೆ ಬಂದು ಕೌದಿ ಹೊಲಿದುಕೊಟ್ಟವರಿದ್ದರೆ ಅವರ ಹೆಸರೂ ಬರಬೇಕು. ಬಟ್ಟೆ ನಿಮ್ಮ ಮನೆಯದಾದರೂ ಕೈ ಅವರದು. ಯಾರಿಗಾಗಿ ಹೊಲಿದದ್ದು ಅನ್ನುವುದೂ ಇರಲಿ. ಬಾಣಂತನ ಮುಗಿಸಿ ಹೋಗುವ ಮಗಳ ಕೂಸಿಗೋ, ಹಾಸ್ಟೆಲಿಗೆ ಹೊರಟ ಮೊಮ್ಮಗನಿಗೋ?

ಇಸವಿ ಖಚಿತವಿಲ್ಲದಿದ್ದರೆ "ಸುಮಾರು" ಅಂತ ಬರೆಯಿರಿ. ಸುಮ್ನೆ ಒಂದು ಇಸವಿ ಹಾಕಿಬಿಟ್ಟರೆ ಮುಂದಿನವರು ಅದನ್ನೇ ನಿಜವೆಂದು ನಂಬುತ್ತಾರೆ. ಲೇಬಲ್ ಹೊಲಿದ ನಿಮ್ಮ ಹೆಸರು, ಇಸವಿ ಬೇರೆಯಾಗಿಯೇ ಇರಲಿ. ಒಟ್ಟಿನಲ್ಲಿ ಹೀಗೆ ಬರಬಹುದು: "ಹೊಲಿದವರು ಇಂಥವರು, ತವರಿನ ಹೆಸರು ಇಂಥದ್ದು. ಸುಮಾರು 1980. ಹಸಿರು ತುಂಡು ಅವರ ಮದುವೆ ಸೀರೆ. ನೀಲಿ ಚೌಕಳಿ ಅಜ್ಜನ ಅಂಗಿ. ಅಮ್ಮ ಹೇಳಿದ್ದನ್ನು ಕೇಳಿ ಈ ಪಟ್ಟಿ ಹೊಲಿದವಳು ಮೊಮ್ಮಗಳು."

ಬರೆಯಲು ಬಿಳಿ ಹತ್ತಿ ಬಟ್ಟೆ ಅಥವಾ ಕೋರಾ ಬಟ್ಟೆ ಸಾಕು. ಮೊದಲೇ ಒಗೆದು ಗಂಜಿ ತೆಗೆಯಿರಿ, ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ಬಾಲ್ ಪೆನ್, ಜೆಲ್ ಪೆನ್ ಬೇಡ. ಅಳಿಸದ ಪಿಗ್ಮೆಂಟ್ ಇಂಕಿನ ಪೆನ್ ಸ್ಟೇಷನರಿ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಬಟ್ಟೆಯನ್ನು ರಟ್ಟಿನ ಮೇಲೆ ಬಿಗಿಯಾಗಿ ಎಳೆದು ಟೇಪ್ ಹಚ್ಚಿಕೊಂಡರೆ ಅಕ್ಷರ ನೆಟ್ಟಗೆ ಬರುತ್ತದೆ. ಬರೆದದ್ದು ಚೆನ್ನಾಗಿ ಒಣಗಿದ ಮೇಲೆ, ಮೇಲೊಂದು ಬಟ್ಟೆ ಹಾಕಿ, ನೀರು ಚಿಮುಕಿಸದೆ ಇಸ್ತ್ರಿ ಮಾಡಿ. ಇಷ್ಟೆಲ್ಲವನ್ನೂ ಮೊದಲು ಒಂದು ಚೂರು ಬಟ್ಟೆಯ ಮೇಲೆ ಮಾಡಿ, ಸೋಪು ಹಾಕಿ ಉಜ್ಜಿ ನೋಡಿ. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಕರಿಗೇರಿನ ರಸ ಬಳಸುತ್ತಿದ್ದರು, ಆ ಕಲೆ ಎಷ್ಟು ಒಗೆದರೂ ಹೋಗದು. ಆದರೆ ಅದು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಮನೆಯಲ್ಲಿ ಪ್ರಯೋಗಿಸಬೇಡಿ.

ನನ್ನನ್ನು ಕೇಳಿದರೆ ದಾರದಲ್ಲಿ ಕಸೂತಿ ಮಾಡಿದ ಅಕ್ಷರವೇ ಮೇಲು. ಇಂಕು ಮಾಸಿದರೆ ಏನೂ ಕಾಣುವುದಿಲ್ಲ. ದಾರ ಮಾಸಿದರೂ ಬೆರಳಿಗೆ ಸಿಗುತ್ತದೆ. ಕನ್ನಡದ ಅಕ್ಷರ ದುಂಡು. ಕಸೂತಿಯಲ್ಲಿ ಗವಂತಿ ಅನ್ನುವ ನೇರ ಟಾಕಿಯಲ್ಲಿ (ಹೊಲಿಗೆಯಲ್ಲಿ) ಆ ತಿರುವು ಸರಿಯಾಗಿ ಕೂರುವುದಿಲ್ಲ, ಪ್ರತಿ ಸಲ ಸೂಜಿಯನ್ನು ಒಂದು ಹೆಜ್ಜೆ ಹಿಂದೆ ಚುಚ್ಚಿ ಮುಂದೆ ಹೋಗುವ ಬ್ಯಾಕ್ ಸ್ಟಿಚ್ ಹಾಕಿ. ಅಕ್ಷರ ಅರ್ಧ ಇಂಚಿಗಿಂತ ಚಿಕ್ಕದಾದರೆ ಒಳಗಿನ ಸುಳಿ ಮುಚ್ಚಿಹೋಗುತ್ತದೆ. ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬಿಡಿ. ಕೆಂಪು ದಾರ ಬಳಸುವುದಾದರೆ ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ಹೆಸರು, ಊರು, ಇಸವಿಗೆ ದಾರ, ಉಳಿದ ವಿವರಕ್ಕೆ ಪೆನ್ ಅಂತ ಹಂಚಿಕೊಂಡರೂ ಚೆನ್ನ.

ಲೇಬಲ್ ಹಿಂಬದಿಯಲ್ಲಿ, ಕೆಳಗಿನ ಮೂಲೆಯ ಹತ್ತಿರ ಇರಲಿ. ಅಂಚು ಕಾಲಿಂಚು ಒಳಗೆ ಮಡಚಿ, ಕೆಳಪದರವನ್ನಷ್ಟೇ ಹಿಡಿದು ಹೆಮ್ಮಿಂಗ್ ಮಾಡಿ. ಮುಂದೆ ಟಾಕಿ ಕಾಣಬಾರದು. ಯಲ್ಲಾಪುರ, ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ, ಅಂದರೆ ಕವಂದಿ, ನಿಮ್ಮಲ್ಲಿದ್ದರೆ ಮೂಲೆಗಳನ್ನು ಮುಟ್ಟಬೇಡಿ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗೆ ಮಡಚಿ ಹಚ್ಚುವ ಮುಕ್ಕೋನದ 'ಫೂಲ' ಇಲ್ಲದೆ ಅವರ ಕವಂದಿ ಪೂರ್ತಿಯಾಗದು. ಆ ಜಾಗ ಅವರದೇ.

ಬಟ್ಟೆ ಹಿಡಿದರೆ ಹರಿಯುವಷ್ಟು ಹಳೆಯದಾಗಿದ್ದರೆ ಅದಕ್ಕೆ ಸೂಜಿ ಹಾಕಬೇಡಿ. ಅಂಟು, ಇಸ್ತ್ರಿಯಿಂದ ಅಂಟುವ ಪಟ್ಟಿ, ಪಿನ್ನು ಯಾವುದೂ ಬೇಡ. ಅಂಟು ಬಟ್ಟೆಯಲ್ಲಿ ಇಂಗುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ. ಒಂದು ಹತ್ತಿಚೀಲ ಹೊಲಿದು, ಲೇಬಲ್ ಅದಕ್ಕೆ ಹಚ್ಚಿ, ಕೌದಿಯನ್ನು ಅದರೊಳಗಿಡಿ. ಕ್ಯೂಆರ್ ಕೋಡ್ ಹಚ್ಚುವವರೂ ಇದ್ದಾರೆ. ಜೊತೆಗೆ ಇರಲಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಲಿಂಕ್ ಸತ್ತ ದಿನ ಅದು ಬರೀ ಕಪ್ಪು ಚೌಕ.

ಹೊಸ ಕೌದಿ ಹೊಲಿಯಲು ಕೂತಿದ್ದೀರಾ? ಹಾಗಾದರೆ ಕೊನೆಗೆ ಹಚ್ಚುವ ಬದಲು, ಬರೆದ ತುಂಡನ್ನು ಹಿಂಬದಿಯ ಪದರಕ್ಕೆ ಮೊದಲೇ ಕೂರಿಸಿಬಿಡಿ. ಕೌದಿಯ ಟಾಕಿಗಳು ಅದರ ಮೇಲೂ ಹಾದುಹೋಗುತ್ತವೆ. ಅಕ್ಷರದ ಸಾಲುಗಳ ನಡುವೆ ಟಾಕಿ ಬೀಳುವಂತೆ ಅಂತರ ಬಿಟ್ಟು ಬರೆದುಕೊಂಡರೆ ಆಯ್ತು. ಆಮೇಲೆ ಯಾರೂ ಅದನ್ನು ಬಿಚ್ಚಿ ತೆಗೆಯಲಾರರು.