ಎಲೆ ಚಿತ್ರದ ಚೀಟಿ ನಂಬಿ ಬಟ್ಟೆ ಕೊಳ್ಳಬಹುದಾ?

ಪ್ರಶ್ನೆ: ಶಿವಮೊಗ್ಗದ ಅಂಗಡಿಯೊಂದರಲ್ಲಿ ‘ಆರ್ಗ್ಯಾನಿಕ್ ಕಾಟನ್’ ಎಂದು ಬರೆದ ಕುರ್ತಾ ನೋಡಿದೆ. ಮಾಮೂಲಿ ಕುರ್ತಾದ ಎರಡರಷ್ಟು ಬೆಲೆ. ಅಷ್ಟು ಕೊಟ್ಟರೆ ಬೆಳೆದವರಿಗೂ ಹೊಲಿದವರಿಗೂ ಒಳ್ಳೆಯದಾಗುತ್ತದಾ, ಇಲ್ಲಾ ಸುಮ್ನೆ ಹೆಸರಿಗಾ? ಅದರ ಬದಲು ಕೈಮಗ್ಗದ್ದೇ ತಗೊಳ್ಳಲಾ?

ಉತ್ತರ: ಮೊದಲು ಆ ಚೀಟಿ ತಿರುಗಿಸಿ ನೋಡಿ. ನಾನೂ ಸಾಗರದಲ್ಲಿ ಹಸಿರು ಎಲೆ ಚಿತ್ರದ ಚೀಟಿ ನೋಡಿ ಒಂದು ಅಂಗಿ ಕೊಂಡಿದ್ದೆ. ಮನೆಗೆ ಬಂದು ತಿರುಗಿಸಿದರೆ ಹಿಂದೆ ಒಗೆಯುವ ಸೂಚನೆ ಬಿಟ್ಟು ಬೇರೇನೂ ಇರಲಿಲ್ಲ. ಎಲೆ ಯಾರು ಬೇಕಾದರೂ ಬರೆಯಬಹುದು, ಅಲ್ವಾ?

‘ಆರ್ಗ್ಯಾನಿಕ್ ಕಾಟನ್’ ಎಂಬ ಎರಡು ಪದ ಹೇಳುವುದು ಹೊಲದ ಕಥೆ ಮಾತ್ರ. ರಾಸಾಯನಿಕ ಗೊಬ್ಬರ, ಔಷಧಿ ಹಾಕಿಲ್ಲ, ಕುಲಾಂತರಿ ಬೀಜ ಬಿತ್ತಿಲ್ಲ ಅಂತ. ಅದೇನು ಸಣ್ಣ ಮಾತಲ್ಲ. ಕಾಯಿಕೊರಕ ಹುಳ ತಡೆಯುವ ಕುಲಾಂತರಿ ತಳಿ ಬಿಟಿ ಹತ್ತಿಗೆ ನಮ್ಮಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ದೇಶದ ಹತ್ತಿ ಹೊಲಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಅದೇ. ಬಿಟಿ ಅಲ್ಲದ ಒಳ್ಳೆ ಬೀಜ ಹುಡುಕುವುದೇ ಸಾವಯವ ರೈತರಿಗೆ ದೊಡ್ಡ ತಲೆನೋವು. ಬಿಟಿ ಬಂದರೂ ಔಷಧಿ ಹೊಡೆಯುವುದು ನಿಲ್ಲಲಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯಲು ಹೋಗಿ 20ಕ್ಕೂ ಹೆಚ್ಚು ಜನ ಸತ್ತರು. ಹಾಗಾಗಿ ಹೊಲದ ಮಾತಿಗೆ ಬೆಲೆ ಇದೆ. ಆದರೆ ಹೊಲ ದಾಟಿದ ಮೇಲೆ ಹತ್ತಿ ಮಿಲ್ಲಿಗೆ ಹೋಗುತ್ತದೆ, ಬಣ್ಣದ ತೊಟ್ಟಿಗೆ ಬೀಳುತ್ತದೆ, ಹೊಲಿಗೆ ಮಿಷನ್ನಿನ ಕೆಳಗೆ ಬರುತ್ತದೆ. ಅಲ್ಲಿ ಏನಾಯಿತು ಎಂದು ಆ ಎರಡು ಪದ ಹೇಳುವುದಿಲ್ಲ.

ಸ್ವಲ್ಪ ಜಾಸ್ತಿ ಹೇಳುವ ಗುರುತು ಜಿಒಟಿಎಸ್ (ಗ್ಲೋಬಲ್ ಆರ್ಗ್ಯಾನಿಕ್ ಟೆಕ್ಸ್‌ಟೈಲ್ ಸ್ಟ್ಯಾಂಡರ್ಡ್), ಸಾವಯವ ಬಟ್ಟೆಗೆ ಇರುವ ಅಂತರರಾಷ್ಟ್ರೀಯ ಪ್ರಮಾಣಪತ್ರ. ನೂಲುವುದರಿಂದ ಹಿಡಿದು ಹೊಲಿಗೆವರೆಗೂ ಅದರ ತಪಾಸಣೆ ಇರುತ್ತದೆ. ಬಣ್ಣದ ನೀರನ್ನು ಶುದ್ಧ ಮಾಡದೆ ಬಿಡುವ ಹಾಗಿಲ್ಲ, ಕೆಲಸಗಾರರಿಗೆ ಕಾನೂನಿನ ಪ್ರಕಾರ ಕೂಲಿ ಕೊಡಬೇಕು. ಒಸಿಎಸ್ (ಆರ್ಗ್ಯಾನಿಕ್ ಕಂಟೆಂಟ್ ಸ್ಟ್ಯಾಂಡರ್ಡ್) ಎಂಬ ಇನ್ನೊಂದು ಗುರುತಿದೆ. ಅದು ಬಟ್ಟೆಯಲ್ಲಿ ಸಾವಯವ ಹತ್ತಿ ಎಷ್ಟಿದೆ ಎಂದಷ್ಟೇ ಲೆಕ್ಕ ಇಡುತ್ತದೆ. ಜಿಒಟಿಎಸ್ ಚೀಟಿಯಲ್ಲಿ ಪ್ರಮಾಣೀಕರಿಸಿದ ಸಂಸ್ಥೆಯ ಹೆಸರು, ಲೈಸೆನ್ಸ್ ನಂಬರ್ ಇರಲೇಬೇಕು. ಆ ನಂಬರನ್ನು ಜಿಒಟಿಎಸ್ ಜಾಲತಾಣದಲ್ಲಿ ನೀವೇ ಹುಡುಕಿ ನೋಡಬಹುದು. ನೋಡುವುದು ಒಳ್ಳೆಯದು ಕೂಡ. 2020ರಲ್ಲಿ ನಮ್ಮ ದೇಶದಲ್ಲೇ ಸುಮಾರು 20,000 ಟನ್ ಹತ್ತಿಗೆ ಸುಳ್ಳು ಪ್ರಮಾಣಪತ್ರ ಸೃಷ್ಟಿಸಿದ್ದು ಸಿಕ್ಕಿಬಿದ್ದು, ಜಿಒಟಿಎಸ್ 11 ಕಂಪನಿಗಳನ್ನು ಹೊರಗೆ ಹಾಕಿತು.

ಇನ್ನು ಬಣ್ಣ. ನನ್ನ ಲೆಕ್ಕದಲ್ಲಿ ಬಟ್ಟೆಯ ಅರ್ಧ ಪಾಪ ಇಲ್ಲೇ ಇದೆ. ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಬಣ್ಣದ ನೀರಿನಿಂದಲೇ ಕೆಟ್ಟುಹೋಯಿತು. ಕೊನೆಗೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ನೂರಾರು ಬಣ್ಣದ ಘಟಕಗಳನ್ನು ಮುಚ್ಚಿಸಬೇಕಾಯಿತು. ಆ ನದಿ ನಮಗೆ ದೂರ ಇರಬಹುದು, ಆದರೆ ನಾವು ಹಾಕುವ ಬನಿಯನ್ನು, ಟೀ ಶರ್ಟು ಎಷ್ಟೋ ಅಲ್ಲಿಂದಲೇ ಬರುವುದು.

ಮಲೆನಾಡಿನವರಿಗೆ ಬೇರೆ ಥರದ ಬಣ್ಣವೂ ಗೊತ್ತು. ಅಡಿಕೆ ಬೇಯಿಸುವ ದಿನ ಒಳ್ಳೆ ಪಂಚೆ ಉಟ್ಟು ಒಲೆ ಹತ್ತಿರ ಸುಳಿದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಚೊಗರು, ಅಂದರೆ ಅಡಿಕೆ ಬಿಡುವ ಕೆಂಪು ರಸ, ಬಿತ್ತೆಂದರೆ ಮುಗಿಯಿತು, ಯಾವ ಸೋಪಿಗೂ ಹೋಗುವುದಿಲ್ಲ. ಅಡಿಕೆ ಸುಲಿದವರ ಬೆರಳು ಎಷ್ಟೋ ದಿನ ಕಪ್ಪಾಗಿರುವುದೂ ಇದೇ ಚೊಗರಿನ ಕೆಲಸ. ನಾವು ಬೈದುಕೊಂಡು ಉಜ್ಜುತ್ತಿದ್ದ ಈ ಕಲೆಯನ್ನೇ ಸಾಗರ ತಾಲ್ಲೂಕಿನ ಭೀಮನಕೋಣೆಯ ‘ಚರಕ’ ನೂಲಿಗೆ ಹಾಕುವ ಬಣ್ಣ ಮಾಡಿಕೊಂಡಿತು. ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಶುರುವಾದ ಮಹಿಳೆಯರ ಸಹಕಾರ ಸಂಘ ಅದು. ಅಲ್ಲಿ ಬಣ್ಣ ಹಾಕಿ ನೇಯ್ದ ಬಟ್ಟೆ ‘ದೇಸಿ’ ಅಂಗಡಿಗಳಲ್ಲಿ ಮಾರಾಟಕ್ಕೆ ಬಂತು. ಹಾಗಂತ ಗಿಡಮೂಲದ ಬಣ್ಣ ಎಂದ ಕೂಡಲೇ ಕೈಮುಗಿಯಬೇಡಿ. ಬಣ್ಣ ನೂಲಿಗೆ ಕಚ್ಚಿಕೊಳ್ಳಲು ಜೊತೆಗೆ ಒಂದು ಲವಣ ಬೇಕು. ಪಟಿಕ (ಆಲಂ) ಹಾಕಿದರೆ ಸರಿ, ಕ್ರೋಮಿಯಂ ಲವಣ ಹಾಕಿದರೆ ಆ ನೀರೂ ವಿಷವೇ. ಬಣ್ಣ ಹಿಡಿಸಲು ಏನು ಹಾಕಿದ್ದಾರೆ? ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಕೈಮಗ್ಗದ ವಿಷಯಕ್ಕೆ ಬಂದರೆ, ಒಂದು ಗೊಂದಲ ಬಗೆಹರಿಸಿಕೊಳ್ಳಿ. ಕೈಮಗ್ಗ ಅಂದರೆ ಕೈಯಲ್ಲಿ ನೇಯ್ದದ್ದು, ಅಷ್ಟೇ. ನೂಲು ಹೆಚ್ಚಾಗಿ ಮಿಲ್ಲಿನದೇ. ನೂಲುವುದೂ ನೇಯುವುದೂ ಕೈಯಲ್ಲೇ ಆಗಿದ್ದರೆ ಅದು ಖಾದಿ. ಎರಡಕ್ಕೂ ಸಾವಯವ ಹತ್ತಿಯೇ ಇರಬೇಕೆಂಬ ನಿಯಮ ಇಲ್ಲ. ಅಂದರೆ ನೀವು ನೋಡಿದ ಕುರ್ತಾ ಹೊಲದ ಲೆಕ್ಕದಲ್ಲಿ ಗೆಲ್ಲಬಹುದು, ಕೈಮಗ್ಗದ್ದು ಕೆಲಸದ ಲೆಕ್ಕದಲ್ಲಿ. ಒಂದೇ ಗಜ ಬಟ್ಟೆಯಲ್ಲಿ ಜಾಸ್ತಿ ಜನರ ಕೂಲಿ ಇರುವುದರಿಂದಲೇ ಅದು ದುಬಾರಿ. ಕೊಳ್ಳುವವರಿಲ್ಲದಿದ್ದರೆ ಆ ಕೂಲಿಯೂ ಇಲ್ಲ. 2020ರಲ್ಲಿ ಕೊರೊನಾದಿಂದ ಮಾರಾಟ ಬಿದ್ದುಹೋದಾಗ ಚರಕದಂಥ ಚರಕವೇ ಬಾಗಿಲು ಹಾಕುವ ಹಂತಕ್ಕೆ ಬಂದಿತ್ತು.

ಹೊಲಿಗೆಯ ಕೂಲಿ ಬಗ್ಗೆ ಎಲೆ ಚೀಟಿ ಪೂರ್ತಿ ಮೌನ. ಬೆಳಿಗ್ಗೆ ಶಿವಮೊಗ್ಗದ ಸುತ್ತ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುವ ಗಾರ್ಮೆಂಟ್ ಬಸ್ಸುಗಳನ್ನು ನೀವೂ ನೋಡಿರುತ್ತೀರಿ. 2020ರ ಏಪ್ರಿಲ್‌ನಿಂದ ರಾಜ್ಯದ ಗಾರ್ಮೆಂಟ್ ಕೆಲಸಗಾರರ ಸಂಬಳಕ್ಕೆ ತಿಂಗಳಿಗೆ ಸುಮಾರು 417 ರೂಪಾಯಿ ತುಟ್ಟಿಭತ್ಯೆ ಸೇರಬೇಕಿತ್ತು. ಬಹಳ ಕಡೆ ಸೇರಲಿಲ್ಲ. ಹೈಕೋರ್ಟ್ ಕೊಡಿ ಎಂದ ಮೇಲೂ ಬಾಕಿ ಬರಲು ಶುರುವಾಗಿದ್ದು 2022ರಲ್ಲಿ. ವಿದೇಶದ ದೊಡ್ಡ ಬ್ರ್ಯಾಂಡುಗಳಿಗೆ ಹೊಲಿಯುವ ಕಾರ್ಖಾನೆಗಳೂ ಇದರಲ್ಲಿದ್ದವು.

ಈಗ ನಿಮ್ಮ ಕುರ್ತಾ. ಚೀಟಿಯಲ್ಲಿ ಲೈಸೆನ್ಸ್ ನಂಬರ್ ಇದ್ದು, ಅದು ಸರಿಯಾಗಿದ್ದರೆ ತಗೊಳ್ಳಿ. ಎಲೆ ಮಾತ್ರ ಇದ್ದರೆ ಆ ದುಡ್ಡನ್ನು ಕೈಮಗ್ಗಕ್ಕೇ ಹಾಕಿ. ನಾನಾದರೆ ಹಾಗೇ ಮಾಡುತ್ತೇನೆ. ಚೊಗರು ಬಣ್ಣದ್ದು ಸಿಕ್ಕಿದರೆ ಮೊದಲೆರಡು ಸಲ ಬೇರೆಯಾಗಿ ಒಗೆದು ನೆರಳಲ್ಲಿ ಒಣಗಿಸಿ. ಆಷಾಢದಲ್ಲಿ ಹೇಗೂ ನೆರಳೇ, ಒಲೆ ಮೇಲಿನ ಅಟ್ಟವೇ ಗತಿ. ಹೊಗೆ ವಾಸನೆಗೆ ಮಾತ್ರ ನಾನು ಜವಾಬ್ದಾರನಲ್ಲ.